ಬಲಗೈಗೆ ಕೊಟ್ಟ ಪೆನ್ನು

ಗುಡ್ನಾಪುರದಲ್ಲಿ ಕೆರೆ ಏರಿ ಕಡೆ ಹೋಗೋ ದಾರಿಯಲ್ಲಿ ಒಂದು ಬಾವಿ ಇದೆ. ದೊಡ್ಡ ಬಾಯಿ, ಮೊಣಕಾಲೆತ್ತರದ ಕಟ್ಟೆ, ಮೇಲೆ ಬಾಗಿದ ಹೊಂಗೆ ಮರ. ಹೋದ ವರ್ಷ ಹೊಸ್ತಿಲ ಹುಣ್ಣಿಮೆ ರಾತ್ರಿ ಹನ್ನೊಂದೂವರೆ ದಾಟಿತ್ತು. ನನ್ನ ಚಿಕ್ಕಪ್ಪನ ಮಗಳು ಜ್ಯೋತಿ ಒಬ್ಬಳೇ ಆ ಬಾವಿ ಪಕ್ಕ ಮನೆಗೆ ನಡೆದು ಬರ್ತಿದ್ದಳು...

ತಡೀರಿ. ಮೊದಲೇ ಒಂದು ಮಾತು ಹೇಳಿಬಿಡ್ತೇನೆ. ನಾನು ಮಡಿವಾಳಪ್ಪ, ಬನವಾಸಿಯಲ್ಲಿ ಮೊಬೈಲ್, ಇನ್ವರ್ಟರ್ ರಿಪೇರಿ ಅಂಗಡಿ ಇಟ್ಟವನು. ದೆವ್ವ ಕಂಡೆ ಅಂತ ಯಾರಾದರೂ ಬಂದರೆ ಕಣ್ಣು ತೋರಿಸ್ಕೊಂಡು ಬಾ ಅನ್ನೋನು. ಆದರೆ ಇದು ಆಗಿದ್ದು. ನಡುವೆ ನಗಬೇಡಿ. ನಕ್ಕರೆ ಎದ್ದು ಹೋಗ್ತೇನೆ.

ಜ್ಯೋತಿಗೆ ಚಿತ್ರ ಕಲಿಸಿದ ಶಂಭುಲಿಂಗ ಸರ್ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮೂರಿಗೇ ಗೊತ್ತಿರಲಿಲ್ಲ, ನಿಮ್ಮದೇನು ತಪ್ಪು? ವಿಡಿಯೋ ಗೇಮಿನೊಳಗೆ ಊರು, ಕಾಡು, ಮನೆ, ದಾರಿ ಇರ್ತವಲ್ಲ... ಅವನ್ನ ಯಾರೋ ಕೂತು ಬರೆಯಬೇಕು. ಆ ಕೆಲಸ ಅವರದು. ಗುಡ್ನಾಪುರದ ಒಂದು ಕೋಣೆಯಲ್ಲಿ ಕೂತು ಬರೆದದ್ದನ್ನ ಯಾವ್ಯಾವ ದೇಶದ ಹುಡುಗರೋ ಆಡ್ತಿದ್ದರು. ಅವರ ಪ್ರತಿ ಚಿತ್ರದಲ್ಲೂ ಎಲ್ಲೋ ಒಂದು ಕಿಟಕಿಯಲ್ಲಿ ಒಂದು ಲಾಟೀನು ಉರೀತಿರ್ತಿತ್ತು. ಆಟ ಬಿಟ್ಟು ಆ ಲಾಟೀನು ಹುಡುಕೋರು ಸಾವಿರಾರು ಜನ. ಭಾನುವಾರ ಭಾನುವಾರ ಪುಕ್ಕಟೆ ಪಾಠ. ಯಾರು ಬಂದರೂ ಕಲಿಸೋರು, ಆ ಪಾಠ ಇಂಟರ್ನೆಟ್ಟಿಗೂ ಹಾಕೋರು. ಸಿದ್ದಾಪುರದಿಂದ ಹುಡುಗಿಯರು ಬಸ್ಸಲ್ಲಿ ಬರೋರು. ಕಿರವತ್ತಿಯಿಂದ ದರ್ಶನ ಅಂತ ಒಬ್ಬ, ಅವರಪ್ಪನದು ಢಾಬಾ, ಅಲ್ಲಿ ನಿಲ್ಲೋ ಲಾರಿಗಳ ತುಕ್ಕು ನೋಡಿ ನೋಡಿ ಬರೆಯೋದನ್ನ ಕಲಿತವನು. ಅವನಿಗೆ ಈಗ ಕೈತುಂಬ ಕೆಲಸ.

ಸರ್ ಪಾಠ ಒಂದೇ ಪ್ರಶ್ನೆ. "ಬೆಳಕು ಎಲ್ಲಿಂದ ಬರ್ತೈತಿ?" ಉತ್ತರ ಬರಲಿಲ್ಲವೋ, ಹಿಂದಿನಿಂದ ಬಗ್ಗಿ ಕೀಬೋರ್ಡಿನ ಎರಡು ಕೀಲಿ ಒತ್ತೋರು. ಕೊನೆಗೆ ಎಳೆದ ಗೆರೆ ಮಾಯ. ಮತ್ತೆ ಒತ್ತೋರು, ಅದರ ಹಿಂದಿನ ಗೆರೆ ಮಾಯ. ಅವರದು ಹಳೇ ಕೀಬೋರ್ಡು. ಮೊದಲನೇ ಕೀಲಿ ಟೊಕ್ ಅಂತ ದಪ್ಪ ಸದ್ದು, ಎರಡನೇದು ಟಿಕ್ ಅಂತ ಒಣ ಸದ್ದು. ಟೊಕ್-ಟಿಕ್. ಟೊಕ್-ಟಿಕ್. ಒಂದು ಗಂಟೆ ಮಾಡಿದ ಕೆಲಸ ಒಂದು ನಿಮಿಷದಲ್ಲಿ ಬಯಲು. ಜ್ಯೋತಿ ಎಷ್ಟು ಸಲ ಅತ್ತಿದ್ದಾಳೋ ಲೆಕ್ಕವಿಲ್ಲ. ಮರುವಾರ ಮತ್ತೆ ಹೋಗಿ ಅಲ್ಲೇ ಕೂರೋಳು.

ಅಂಥ ಮನುಷ್ಯ ನಲವತ್ತಾರಕ್ಕೆ ಎದೆ ಹಿಡಿದುಕೊಂಡು ಕುರ್ಚಿಯಲ್ಲೇ ಹೋದರು.

ಆಮೇಲೆ ನನ್ನ ಪಿತ್ತ ನೆತ್ತಿಗೇರಿಸಿದ್ದು ಒಂದೆರಡಲ್ಲ. ಬನವಾಸಿ ಸರ್ಕಲ್ಲಿನಲ್ಲಿ ಭಾವಪೂರ್ಣ ಶ್ರದ್ಧಾಂಜಲಿ ಬ್ಯಾನರ್ ಕಟ್ಟಿದರು. ಹೆಸರಿನ ಕೆಳಗೆ 'ಕಂಪ್ಯೂಟರ್ ಆಪರೇಟರ್' ಅಂತ ಹಾಕಿದ್ದರು! ಮಣ್ಣಿಗೆ ಬಂದವನೊಬ್ಬ ನನ್ನ ಪಕ್ಕದಲ್ಲೇ ನಿಂತು, "ಪಾಪ, ಮಕ್ಕಳಾಟಕ್ಕ ಚಿತ್ರ ಬರೀತಾ ಜೀವನ ಕಳದ" ಅಂದ. ಅತ್ತ ಜ್ಯೋತಿ ಫೋನಿಗೆ ಎಲ್ಲೆಲ್ಲಿಂದಲೋ ಸಂದೇಶ ಬರ್ತಿದ್ದವು. ನಿಮ್ಮ ಸರ್ ಪಾಠ ನೋಡಿ ನಾನು ಮೊದಲ ಗೆರೆ ಎಳೆದೆ, ನಿಮ್ಮ ಸರ್ ಇಲ್ಲದಿದ್ದರೆ ನಾನು ಈ ಕೆಲಸಕ್ಕೆ ಬರ್ತಿರಲಿಲ್ಲ... ಅವಳು ಓದಿ ಹೇಳೋಳು, ನಾನು ಕೇಳೋನು. ಊರಿಗೆ ಹೇಗೆ ಹೇಳೋದು? ಯಾವ ಬಾಯಲ್ಲಿ ಹೇಳೋದು?

ಇನ್ನೊಂದು ಕೇಳಿ. ಸರ್ ಮನೆಯಲ್ಲಿ ಇದ್ದದ್ದು ಅಕ್ಕ ಸಾವಿತ್ರವ್ವ ಒಬ್ಬಳೇ. ತಮ್ಮನನ್ನ ಎತ್ತಿ ಆಡಿಸಿ ಬೆಳೆಸಿದವಳು. ನಮ್ಮಲ್ಲಿ ಮಣ್ಣು ಮಾಡುವಾಗ ಕೂಡಿಸ್ತಾರೆ, ವಿಭೂತಿ ಹಚ್ತಾರೆ, ಎಡಗೈಯಲ್ಲಿ ಲಿಂಗ ಇಡ್ತಾರೆ. ಸರ್ ಬಲಗೈ ಖಾಲಿ ಇತ್ತು. ಸಾವಿತ್ರವ್ವ ಕೋಣೆಗೆ ಹೋಗಿ ಮೇಜಿನ ಮೇಲಿದ್ದ ಪೆನ್ನು ತಂದು ಆ ಕೈಯಲ್ಲಿ ಇಟ್ಟಳು. "ಒಂದಿನಾನೂ ಇದನ್ನ ಬಿಟ್ಟು ಕುಂತಾಂವಲ್ಲ ನನ್ನ ತಮ್ಮ" ಅಂದಳು. ಎಲ್ಲರೂ ಅತ್ತರು. ನಾನೂ ಅತ್ತೆ.

ಮೂರನೇ ದಿನ ಗೊತ್ತಾಯಿತು. ಅದು ಶಾಯಿ ಪೆನ್ನಲ್ಲ, ಕಂಪ್ಯೂಟರಿನ ಪೆನ್ನು. ಕರೀ ಪ್ಲಾಸ್ಟಿಕ್ ಪ್ಯಾಡ್ ಇರ್ತದೆ, ಅದರ ಮೇಲೆ ಆ ಪೆನ್ನಿನಿಂದ ಗೀಚಿದರೆ ಪರದೆಯಲ್ಲಿ ಚಿತ್ರ ಮೂಡ್ತದೆ. ಆ ಪ್ಯಾಡಿಗೆ ಆ ಪೆನ್ನೇ ಬೇಕು. ಬೇರೆ ಪೆನ್ನು ಹಿಡಿದರೆ ಅದು ಬರೇ ಹಲಗೆ. ಸಾವಿತ್ರವ್ವಗೆ ಯಾರು ಏನು ಅಂದಾರು? ಅಂದವರಿಗೆ ನಾನೇ ಎರಡು ಬಿಡ್ತಿದ್ದೆ.

ಅದೇ ಹೊತ್ತಿಗೆ, ಸರ್ ಯಾರಿಗೆ ಚಿತ್ರ ಬರೆದು ಕೊಡ್ತಿದ್ದರೋ ಆ ಪುಣೆಯ ಕಂಪನಿಯಿಂದ ಜ್ಯೋತಿಗೆ ಫೋನ್ ಬಂತು. ಸರ್ ಕೊನೇ ಚಿತ್ರ ಅರ್ಧಕ್ಕೆ ನಿಂತಿದೆ. ರಾತ್ರಿ ಹೊತ್ತು, ಒಂದು ಬಾವಿ, ಒಂದು ಮರ, ಹಿಂದೆ ಒಂದು ಮನೆ. ನಮ್ಮ ಇದೇ ಬಾವಿ! ಬರುವ ಸೋಮವಾರ ಬೆಳಗ್ಗೆ ಹತ್ತರೊಳಗೆ ನೀನು ಮುಗಿಸಿ ಕೊಟ್ಟರೆ ಆಟ ಆ ಬಾವಿಯ ಹತ್ತಿರವೇ ಶುರುವಾಗ್ತದೆ, ಮೊದಲಿಗೇ 'ಶಂಭುಲಿಂಗ ಅವರ ನೆನಪಿಗೆ' ಅಂತ ದೊಡ್ಡದಾಗಿ ಬರ್ತದೆ. ಕೊಡದಿದ್ದರೆ ಆ ಜಾಗವನ್ನೇ ತೆಗೀತೇವೆ, ಅವರ ಹೆಸರು ಕೊನೆಗೆ ನಾನೂರು ಹೆಸರಿನ ನಡುವೆ ಹೋಗ್ತದೆ. ಹಾಂ, ಲಾಟೀನು ಮರೀಬೇಡ ಅಂದರು.

ಬ್ಯಾನರಿನಲ್ಲಿ ಸಿಗದ ಮರ್ಯಾದೆ ಅಲ್ಲಾದರೂ ಸಿಗಲಿ ಅಂತ ಜ್ಯೋತಿ ಹಟಕ್ಕೆ ಬಿದ್ದಳು. ಸರ್ ಕೋಣೆಯಲ್ಲೇ, ಸರ್ ಕಂಪ್ಯೂಟರಿನಲ್ಲೇ ಕೂತಳು. ಮೊದಲು ಮೌಸಿನಲ್ಲಿ ಬರೆದು ನೋಡಿದಳು. ಬೂಟು ಹಾಕ್ಕೊಂಡು ರಂಗೋಲಿ ಬಿಟ್ಟ ಹಾಗಾಯಿತು. ನಾನು ಹುಬ್ಬಳ್ಳಿಗೆ ಹೋಗಿ ಪೆನ್ನು ತಂದೆ. ಕೂಡಲಿಲ್ಲ. ಎರಡನೇ ಸಲ ಆ ಪ್ಯಾಡನ್ನೇ ಚೀಲದಲ್ಲಿ ಹಾಕ್ಕೊಂಡು ಹೋದೆ. ಅದರ ಕಂಪನಿ ಪೆನ್ನು ಬರೋದೇ ನಿಂತಿದೆ ಅಂದರು. ಕೊನೆಗೆ ಒಂದು ಹೊಸ ಪ್ಯಾಡು, ಹೊಸ ಪೆನ್ನು ತಗೊಂಡು ಬಂದೆ. ಅಷ್ಟರಲ್ಲಿ ಶನಿವಾರ ಸಂಜೆ. ಎರಡು ರಾತ್ರಿ, ಒಂದು ಹಗಲು ಉಳಿದಿತ್ತು.

ಮನೆ, ಮರ, ಬಾವಿ ಎಲ್ಲಾ ಬಂತು. ಬೆಳಕು ಬರಲಿಲ್ಲ. ಭಾನುವಾರ ಇಡೀ ದಿನ ಅದೇ. ಕೊನೆಗೆ ಸರ್ ಹಳೇ ಚಿತ್ರಗಳನ್ನ ತೆರೆದು, ಅವರ ಲಾಟೀನನ್ನ ನೋಡಿ ನೋಡಿ, ಹಾಗೇ ಕಿಟಕಿಯಲ್ಲಿ ಬರೆದಳು. ಅದೇ ಹಳದಿ, ಅದೇ ಮಬ್ಬು. ಯಾರು ನೋಡಿದರೂ ಸರ್ ಬರೆದದ್ದೇ ಅನ್ನಬೇಕು. ಆದರೂ ಎಲ್ಲೋ ಸುಳ್ಳು ಅನ್ನಿಸ್ತಿತ್ತಂತೆ ಅವಳಿಗೆ. ಹಾಳಾಗಿ ಹೋಗಲಿ ಅಂತ ಸೇವ್ ಮಾಡಿ, ಕಂಪ್ಯೂಟರ್ ಬಂದ್ ಮಾಡಿ, ಕೋಣೆಗೆ ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಬೆಳಗ್ಗೆ ಎದ್ದು ಕಳಿಸಿದರಾಯಿತು.

ಮರುದಿನ ಹನ್ನೊಂದನೇ ದಿನದ ಕಾರ್ಯ. ನೀರು ತರೋದು ಆ ಬಾವಿಯಿಂದಲೇ ಅಂತ ಸಂಜೆ ಕಟ್ಟೆ ತೊಳೆದು ಸುಣ್ಣ ಬಳಿದಿದ್ದರು. ಬಳಿದವನು ನಾನೇ. ಇದನ್ನ ನೆನಪಿಡಿ.

ಹುಣ್ಣಿಮೆ ಚಂದ್ರ ನೆತ್ತಿ ಮೇಲಿದ್ದ. ಗಾಳಿ ಇಲ್ಲ. ಜೀರುಂಡೆಗಳು ಒಮ್ಮೆಲೇ ನಿಂತವು...

ಟೊಕ್-ಟಿಕ್.

ಜ್ಯೋತಿ ನಿಂತಳು. ಹಣ್ಣಾದ ಕಾಯಿ ಬಿತ್ತು ಅಂದುಕೊಂಡಳಂತೆ. ಎರಡು ಹೆಜ್ಜೆ ಇಟ್ಟಳು.

ಟೊಕ್-ಟಿಕ್... ಟೊಕ್-ಟಿಕ್...

ಅದು ಬಾವಿ ಕಡೆಯಿಂದ. ಆಚೆ ಮಗ್ಗುಲಿನಿಂದ. ಆ ಸದ್ದನ್ನ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕು ವರ್ಷ ಬೆನ್ನ ಹಿಂದೆ ಕೇಳಿದ್ದು.

"ಬೆಳಕು..." ಪಿಸುಮಾತು. "ಎಲ್ಲಿಂದ ಬರ್ತೈತಿ?"

ಬಾಯಿ ತಾನಾಗೇ ಉತ್ತರ ಕೊಟ್ಟಿತಂತೆ. "ಕಿಟಕಿಯಿಂದ್ರೀ ಸರ್... ಲಾಟೀನಿಂದ."

"ಅದು ನಂದು."

ಟೊಕ್-ಟಿಕ್. ಟೊಕ್-ಟಿಕ್. ಟೊಕ್-ಟಿಕ್. ಬೇಗ ಬೇಗ. ಮೂವತ್ತರ ತನಕ ಎಣಿಸಿದಳಂತೆ, ಮುಂದೆ ಆಗಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಓಡ್ತಿದ್ದರು. ನಮ್ಮ ಜ್ಯೋತಿಗೆ ಹೆದರಿಕೆಗಿಂತ ಸಿಟ್ಟು ಮುಂದೆ. ಹತ್ತು ದಿನದ ಸಿಟ್ಟು. ಅಳುತ್ತಾ ಬೈದಳಂತೆ, ಅದೂ ಪಿಸುಮಾತಿನಲ್ಲೇ. "ಸತ್ತ ಮ್ಯಾಲೂ ಅಳಸ್ತೀರೇನ್ರೀ ಸರ್? ಅರ್ಧಕ್ಕ ಬಿಟ್ಟು ಹೋದವ್ರು ನೀವು! ಪೆನ್ನೂ ಒಯ್ದ್ರಿ. ನಾ ಏನ್ ಮಾಡ್ಲಿ? ನೀವಾ ಬಂದು ಬರೀರಿ!"

ಸದ್ದು ನಿಂತಿತು.

ಆಮೇಲೆ, ಹತ್ತಿರದಿಂದ... ಬೆನ್ನ ಹಿಂದಿನಿಂದ...

"ಜ್ಯೋತಿ. ನೋಡು."

ಹಿಂದೆ ತಿರುಗುವ ಧೈರ್ಯ ಆಗಲಿಲ್ಲ. ಮುಂದೆ ನೋಡಿದಳು. ಬಾವಿ ತುಂಬಿತ್ತು, ನೀರು ಕಟ್ಟೆಗೆ ಎರಡು ಮೊಳ ಕೆಳಗೆ. ನೀರಿನಲ್ಲಿ ಚಂದ್ರ. ಆ ಚಂದ್ರನ ಬೆಳಕು ಕೆಳಗಿನಿಂದ ಮೇಲೆ ಹೋಗಿ ಹೊಂಗೆ ಎಲೆಗಳ ಅಡಿಭಾಗಕ್ಕೆ ಬಿದ್ದಿತ್ತು. ಮೇಲೆಲ್ಲಾ ಕಪ್ಪು, ಅಡಿಯಲ್ಲಿ ಮಾತ್ರ ಬೆಳ್ಳಗೆ, ಮೆಲ್ಲಗೆ ಅಲುಗುತ್ತಿತ್ತು. ಹುಟ್ಟಿದಾಗಿನಿಂದ ಆ ದಾರಿ ತಿರುಗಾಡಿದವಳು ಒಂದು ದಿನವೂ ಅದನ್ನ ನೋಡಿರಲಿಲ್ಲ.

"ಕೆಳಗಿಂದ್ರೀ ಸರ್," ಅಂದಳಂತೆ. "ನೀರಿನಿಂದ."

ಜರ್ರ್... ಅಂತ ಒಂದೇ ಒಂದು ಗೀಚಿದ ಸದ್ದು. ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ಕು ಉದ್ದಕ್ಕೆ ಎಳೆದ ಹಾಗೆ. ಜೀರುಂಡೆಗಳು ಮತ್ತೆ ಶುರುವಾದವು. ಅವಳು ಮನೆಗೆ ಓಡಿ ಕದ ಹಾಕಿಕೊಂಡು ನನಗೆ ಫೋನ್ ಮಾಡಿದಳು. ಫೋನಿನಲ್ಲಿ ಸಮಯ ಇನ್ನೂ ಇದೆ, ಹನ್ನೊಂದು ಐವತ್ತೆರಡು.

ನಾನು ಬೈದೆ. ನಿದ್ದೆ ಇಲ್ಲ, ಊಟ ಇಲ್ಲ, ತಲೆ ಕೆಟ್ಟಿದೆ ನಿನಗೆ ಅಂದೆ. ಆದರೂ ಬೆಳಗ್ಗೆ ಆರಕ್ಕೇ ಬೈಕ್ ತಗೊಂಡು ಹೋದೆ. ಇಬ್ಬರೂ ಸೇರಿ ಕೋಣೆ ಬೀಗ ತೆಗೆದೆವು. ಕಂಪ್ಯೂಟರ್ ಹಾಕಿ ಚಿತ್ರ ತೆರೆದಳು.

ಲಾಟೀನು ಇರಲಿಲ್ಲ. ಕಿಟಕಿ ಕಪ್ಪಗಿತ್ತು.

ಫೈಲು ಕೊನೆಗೆ ಸೇವ್ ಆದ ಹೊತ್ತು ನಾನೇ ನೋಡಿದೆ. ಹನ್ನೊಂದು ನಲವತ್ತನಾಲ್ಕು. ಅವಳು ಬೀಗ ಹಾಕಿದ್ದು ಹನ್ನೊಂದೂವರೆಗೆ. ಒಮ್ಮೆ ಬಂದ್ ಮಾಡಿದ ಫೈಲಿನಲ್ಲಿ ಹಿಂದಿನ ಗೆರೆ ಅಳಿಸೋಕೆ ಬರಲ್ಲ. ಯಾರನ್ನ ಬೇಕಾದರೂ ಕೇಳಿ. ನನ್ನ ಕೆಲಸವೇ ಇದು. ಕಾರಣ ಹುಡುಕಿದೆ, ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಅದಕ್ಕೇ ಮೈ ಉರೀತದೆ.

ಜ್ಯೋತಿ ಅಳಲಿಲ್ಲ. ಕುರ್ಚಿ ಎಳೆದು ಕೂತಳು. ಬಾವಿಯೊಳಗಿನಿಂದ ಬೆಳಕು ಹೊರಡಿಸಿದಳು, ಎಲೆಗಳ ಅಡಿಗೆ ತಂದಳು. ಎಂಟೂವರೆಗೆ ಕರೆಂಟ್ ಹೋಯಿತು! ನಾನು ಬನವಾಸಿಗೆ ಓಡಿ ಅಂಗಡಿಯ ಇನ್ವರ್ಟರ್, ಬ್ಯಾಟರಿ ಹೊತ್ತು ತಂದೆ. ಅಂಗಳದಲ್ಲಿ ಅಡುಗೆ ಹೊಗೆ, ಅಯ್ಯನವರ ಮಂತ್ರ, ಇದರ ನಡುವೆ ಒಬ್ಬ ಕಿಟಕಿಯಲ್ಲಿ ಇಣುಕಿ, "ಇವತ್ತೂ ಆಟ ಆಡಾಕತ್ತೀಯೇನವಾ?" ಅಂದ. ಅವನ ಕೈಯಿಂದ ಬಾಳೆ ಎಲೆ ಕಿತ್ತುಕೊಂಡು ಅತ್ತ ತಳ್ಳಿದೆ. ಹತ್ತಕ್ಕೆ ಮೂರು ನಿಮಿಷ ಇರುವಾಗ ಚಿತ್ರ ಹೋಯಿತು.

ಪುಣೆಯವರು ಲಾಟೀನು ಎಲ್ಲಿ ಅಂತ ಕೇಳಿದರು. "ಅದು ಸರ್ ಬೆಳಕು, ಅವರ ಜೊತೆ ಹೋಯಿತು. ಇದು ನಾನು ನೋಡಿದ್ದು" ಅಂತ ಬರೆದಳು. ಆಮೇಲೆ ಒಪ್ಪಿದರು. ಆಟ ಬಂದಿದೆ. ಮೊದಲಿಗೇ ಆ ಬಾವಿ, ಮೇಲೆ ಸರ್ ಹೆಸರು. ಸಾವಿತ್ರವ್ವಗೆ ಫೋನಿನಲ್ಲಿ ತೋರಿಸಿದೆ. ಹೆಸರಿನ ಮೇಲೆ ಬೆರಳು ಆಡಿಸಿ, "ಪೆನ್ನು ಕೊಟ್ಟು ಕಳಿಸಿದ್ದು ಚಲೋ ಆತು ನೋಡು" ಅಂದಳು. ಬನವಾಸಿ ಬ್ಯಾನರಿನಲ್ಲಿ ಮಾತ್ರ ಮಳೆ ಬಿದ್ದು ಹರಿಯೋ ತನಕ 'ಕಂಪ್ಯೂಟರ್ ಆಪರೇಟರ್' ಇತ್ತು.

ಇನ್ನೊಂದು ಉಳೀತು. ಆ ಪೆನ್ನಿನ ತುದಿಯಲ್ಲಿ ಚಿಕ್ಕ ಪ್ಲಾಸ್ಟಿಕ್ ನಿಬ್ಬು ಇರ್ತದೆ, ಅಕ್ಕಿ ಕಾಳಿನಷ್ಟು. ಬರೆದು ಬರೆದು ಸವೀತದೆ. ಜ್ಯೋತಿಯ ಹೊಸ ಪೆನ್ನಿನವು ಬಿಳೀ ನಿಬ್ಬು. ಸರ್ ಪೆನ್ನಿನವು ಕರೀವು. ಅವು ಮುಗಿದಿದ್ದವು, ಖಾಲಿ ಡಬ್ಬಿ ಮೇಜಿನ ಮೇಲೇ ಇತ್ತು. ಉಳಿದ ಒಂದೇ ಒಂದು ನಿಬ್ಬು ಆ ಪೆನ್ನಿನಲ್ಲಿ ಕೂತು ಮಣ್ಣಿಗೆ ಹೋಗಿತ್ತು. ಸರ್ ಎಡಗೈಯವರು, ಒತ್ತಿ ಬರೆಯೋರು, ಅವರ ನಿಬ್ಬು ಯಾವಾಗಲೂ ಎಡಕ್ಕೇ ಓರೆಯಾಗಿ ಸವೀತಿತ್ತು.

ಆ ಸೋಮವಾರ ಬೆಳಗ್ಗೆ ಯಾರೂ ನೀರಿಗೆ ಬರೋ ಮೊದಲೇ ಮುಖ ತೊಳೆಯೋಕೆ ನಾನು ಬಾವಿಗೆ ಹೋದೆ. ನಾನೇ ಬಳಿದ ಸುಣ್ಣ, ಒಂದು ಹೆಜ್ಜೆ ಗುರುತೂ ಇರಲಿಲ್ಲ. ಕಟ್ಟೆ ಮೇಲೆ, ಆಚೆ ಮಗ್ಗುಲಲ್ಲಿ, ಒಂದು ಕರೀ ನಿಬ್ಬು ಇತ್ತು. ಎಡಕ್ಕೆ ಸವೆದದ್ದು.

ನನ್ನ ಅಂಗಡಿಯಲ್ಲಿ ಸ್ಕ್ರೂ ಇಡೋ ಡಬ್ಬಿಯಲ್ಲಿದೆ. ನಾಳೆ ಬನ್ನಿ, ತೋರಿಸ್ತೇನೆ.