ಹಿಂದಿನ ಸೀಟು

ಅಲ್ಲಲ್ಲ, ಅದರಲ್ಲಿ ಹಾಕಬೇಡ ಮಾರಾಯ. ಅದು ಒಣ ಕಸದ್ದು. ಹಣ್ಣಿನ ಸಿಪ್ಪೆ ಗೋಡೆ ಪಕ್ಕದ ಬುಟ್ಟಿಗೆ... ಹಾಂ, ಅದೇ. ಮುಚ್ಚಳ ಹಾಕು, ಇಲ್ಲಾಂದ್ರೆ ನೊಣ ಮುತ್ಕೊಳ್ಳುತ್ತೆ. ಬುಟ್ಟಿ ಮಾತ್ರ ಜರುಗಿಸಬೇಡ, ಇದ್ದಲ್ಲೇ ಇರಲಿ. ಈ ಮನೆಯಲ್ಲಿ ಯಾವ ವಸ್ತುವೂ ಜಾಗ ಬಿಟ್ಟು ಅಲ್ಲಾಡಬಾರದು.

ಯಾಕೆ ನಗ್ತೀಯ? ನಿಮ್ಮಕ್ಕ ಹೇಳಿರಬೇಕು, ಗಂಡ ದೊರೆ ಆಗಿಬಿಟ್ಟಿದ್ದಾನೆ, ಮನೇಲಿ ಲೋಟ ಎತ್ತಿಡೋಕೂ ಅಪ್ಪಣೆ ಬೇಕು ಅಂತ. ಹೇಳ್ಲಿ ಬಿಡು. ತಮ್ಮನ ಹತ್ರ ಹೇಳ್ಕೊಳ್ಳದೆ ಇನ್ಯಾರ ಹತ್ರ ಹೇಳ್ಕೋತಾಳೆ.

ಕೂತ್ಕೋ. ಆ ಮೆಟ್ಟಿಲ ಮೇಲೆ ಕೂತ್ಕೋ, ಹಿತ್ತಲಿಗೆ ಇನ್ನೂ ಬಿಸಿಲು ಬಂದಿಲ್ಲ. ಕುರ್ಚಿಗಳಾ? ಕೊಟ್ಟುಬಿಟ್ಟೆ. ಟೀಪಾಯಿ, ಸ್ಟೂಲು, ಆ ಗಾಜಿನ ಬೀರು, ಎಲ್ಲ. ಸಾಮಾನು ಕಡಿಮೆ ಆದಷ್ಟೂ ಭೂಮಿಗೆ ಹೊರೆ ಕಡಿಮೆ. ಈಗ ನಡುಮನೆ ನೋಡು, ಹೇಗಿದೆ. ಒಂದು ಚಾಪೆ, ಗೋಡೆಗೊರಗಿ ಒಂದು ಮಂಚ. ಆ ತುದಿಯಿಂದ ಈ ತುದಿಗೆ ಗಾಳಿ ಹರಿದಾಡುತ್ತೆ, ಮನುಷ್ಯನೂ ಹರಿದಾಡಬಹುದು. ನಾನು ಈ ಸೈಕಲ್ ಚಕ್ರ ಬಿಚ್ತಾ ಇರ್ತೀನಿ, ಕೈ ಕೆಲಸ ಮಾಡ್ತಿರಲಿ, ನೀನು ಮಾತಾಡು. ಬೈಯೋದಿದ್ರೆ ಬೈಯಿ. ನೀನು ಬಂದಿರೋದು ಯಾಕೆ ಅಂತ ನನಗೇನು ಗೊತ್ತಿಲ್ವಾ.

ಹೌದು. ಶುಕ್ರವಾರ ಮುಸ್ಸಂಜೆ ಪುಟ್ಟೀನ ಸಂಗೀತದ ಕ್ಲಾಸಿಂದ ಸೈಕಲ್ಲಲ್ಲಿ ಕರ್ಕೊಂಡು ಬರುವಾಗ ಬಿದ್ವಿ. ಅವಳ ಕೈ ಮುರೀತು. ನನಗೆ ಏನೂ ಆಗ್ಲಿಲ್ಲ. ಅದೇ ನೋಡು, ನನಗೆ ಆಗಬೇಕಿತ್ತು. ಎರಡು ರಾತ್ರಿಯಿಂದ ನಿಮ್ಮಕ್ಕ ನನ್ನ ಮುಖ ನೋಡಿ ಮಾತಾಡಿಲ್ಲ. ಊಟ ಬಡಿಸ್ತಾಳೆ, ತಟ್ಟೆ ಕುಟ್ಟಿ ಇಡ್ತಾಳೆ. 

ಅಲ್ಲ, ಯಾವನೋ ತಳ್ಳುಗಾಡೀನ ರಸ್ತೆ ಪಕ್ಕ ಹೊರಚಾಚಿ ನಿಲ್ಲಿಸಿ ಹೋದ್ರೆ ನಾನೇನು ಮಾಡ್ಲಿ? ತಿರುವಲ್ಲೇ ಇತ್ತು. ಯಾರಿಗೆ ಬೇಕಾದ್ರೂ ಆಗಬಹುದಿತ್ತು. ನಿಂಗೂ ಆಗಬಹುದಿತ್ತು. ನೀನು ಊರಿಗೆಲ್ಲ ಕಾರು ಓಡಿಸೋದು ಕಲಿಸೋನು, ನೀನೇ ಹೇಳು, ಎಂಥೆಂಥವರು ಎಡವೋದಿಲ್ಲ.

ಕಾರು ಮಾರಬಾರದಿತ್ತು ಅಂತೀಯ. ಶುರುವಾಯ್ತು. ಕಾರಿದ್ದಿದ್ರೆ ಹೀಗಾಗ್ತಿರಲಿಲ್ಲ ಅಂತ ನಿಮ್ಮಕ್ಕನೂ ಆಸ್ಪತ್ರೆಯಲ್ಲಿ ಅದನ್ನೇ ಹೇಳಿದ್ಲು, ಆ ಕಾಂಪೌಂಡರ್ ಎದುರಿಗೇ. ನೋಡು, ಈ ಬಡಾವಣೆಯಲ್ಲಿ ಮನೆಗೆ ಎರಡೆರಡು ಕಾರಿದೆ. ಹಾಲು ತರೋಕೆ ಕಾರು, ಮೂರು ಮನೆ ಆಚೆ ಹೋಗೋಕೆ ಕಾರು. ಯಾರಾದ್ರೂ ಒಬ್ಬರು ಮೊದಲು ಬಿಡಬೇಕಲ್ಲ? ನಾನು ಬಿಟ್ಟೆ. ಪುಟ್ಟಿ ಶಾಲೆಯಲ್ಲಿ ಅದರ ಬಗ್ಗೆ ಭಾಷಣ ಮಾಡಿ ಬಂದ್ಲು ಗೊತ್ತಾ, ನಮ್ಮಪ್ಪ ಹೊಗೆ ಬಿಡಲ್ಲ ಅಂತ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರಂತೆ, ಇವಳ ಅಪ್ಪ ಬೀಡಿ ಬಿಟ್ಟ ಅಂದ್ಕೊಂಡು.

ನಕ್ಕೆಯಲ್ಲ. ಒಳ್ಳೇದು. ಮುಖ ಗಂಟು ಹಾಕ್ಕೊಂಡು ಬಂದಿದ್ದೆ.

ಅಕ್ಕ ಕಲೀಬೇಕು ಅಂದ್ಲಾ? ಕಾರಾ? ನನಗೂ ಹೇಳಿದ್ಲು. ತಮ್ಮ ಕಲಿಸ್ತಾನೆ, ನಾನೇ ಓಡಿಸ್ತೀನಿ, ಹಳೇದೊಂದು ತಗೊಳ್ಳೋಣ ಅಂತ. ನಾನು ಬೇಡ ಅಂದೆ. ಬಿಟ್ಟ ಮೇಲೆ ಬಿಟ್ಟ ಹಾಗಿರಬೇಕು. ನಾನು ಆಫೀಸಲ್ಲೂ ಬಿಟ್ಟಿಲ್ವಾ? ಮೊದಲು ನಮ್ಮ ನೀರು ಸರಬರಾಜು ಆಫೀಸಿನ ಬೈಕ್ ತಗೊಂಡು ದಿನವೆಲ್ಲ ಪೈಪ್ ಒಡೆದಲ್ಲಿ ಹೋಗಿ ನೋಡ್ತಿದ್ದೆ. ಈಗ ದೂರು ಬರೋ ಫೋನಿನ ಮುಂದೆ ಕೂತಿರ್ತೀನಿ. ನಾನೇ ಕೇಳ್ಕೊಂಡು ಹಾಕಿಸ್ಕೊಂಡಿದ್ದು. ಪೆಟ್ರೋಲ್ ಸುಡೋದು ಯಾಕೆ, ದನಿ ಕೇಳಿದ್ರೆ ಸಾಕು, ಯಾವ ಬೀದಿಯಲ್ಲಿ ಏನಾಗಿದೆ ಅಂತ ನನಗೆ ಗೊತ್ತಾಗುತ್ತೆ. ಸಾಹೇಬರೇ ಹೊಗಳ್ತಾರೆ.

ಏನದು? ಹಗ್ಗನಾ? ಬಗ್ಗಿ ದಾಟು, ಎದೆಗೆ ಸಿಕ್ಕೀತು. ಬಟ್ಟೆ ಒಣಗಿಸೋಕೆ. ಆ ಒಣಗಿಸೋ ಮೆಷಿನ್ ಎಷ್ಟು ಕರೆಂಟ್ ತಿನ್ನುತ್ತೆ ಗೊತ್ತಾ? ಬಾಗಿಲಿಂದ ಗೊಬ್ಬರದ ಗುಂಡಿವರೆಗೂ ಒಂದೇ ಹಗ್ಗ, ಅಲ್ಲಿಂದ ನಲ್ಲಿವರೆಗೆ ಇನ್ನೊಂದು. ಎದೆಮಟ್ಟಕ್ಕೆ ಕಟ್ಟಿದ್ದು ಪುಟ್ಟಿಗೂ ನಿಲುಕಲಿ ಅಂತ. ಬಟ್ಟೆ ಇಲ್ಲದಾಗಲೂ ಬಿಚ್ಚಬಾರದು, ಅಷ್ಟೇ. ನಿಮ್ಮಕ್ಕ ಒಂದು ಸಲ ಬಿಚ್ಚಿಟ್ಟಿದ್ಲು. ಅವತ್ತು ನಾನು ಸ್ವಲ್ಪ ಜೋರಾಗೇ ಕೂಗಾಡಿದೆ. ಹಗ್ಗಕ್ಕೆ ಇಷ್ಟೊಂದಾ ಅಂತ ಅತ್ತಳು. ಅವಳು ಅಳೋದು ಕಡಿಮೆ, ನಿಂಗೆ ಗೊತ್ತಲ್ಲ.

ಆ ಬೋಗುಣಿ ಇತ್ತ ತಳ್ಳು. ನೀರು ಚೆಲ್ಲದ ಹಾಗೆ. ಟ್ಯೂಬು ನೀರಲ್ಲಿ ಮುಳುಗಿಸಿ ಕಿವಿ ಕೊಟ್ರೆ ಸಾಕು... ಶ್... ಕೇಳಿಸ್ತಾ? ಇಲ್ಲೇ ಇದೆ ತೂತು. ಗುಳ್ಳೆ ನೋಡೋ ತಂಟೆಯೇ ಇಲ್ಲ.

ಸಂಜೆ ದೀಪದ ವಿಷಯನೂ ಹೇಳಿದ್ಲಾ? ಏನೂ ಬಿಟ್ಟಿಲ್ಲ ಹಾಗಾದ್ರೆ. ಅದರಲ್ಲೇನು ತಪ್ಪು? ಊಟ ಆದ ಮೇಲೆ ಸ್ವಲ್ಪ ಹೊತ್ತು ಎಲ್ಲ ದೀಪ ಆರಿಸ್ತೀವಿ. ಟಿವಿ ಇಲ್ಲ, ಫೋನ್ ಇಲ್ಲ. ಮೂವರೂ ಕತ್ತಲಲ್ಲಿ ಕೂತು ಕತೆ ಹೇಳ್ತೀವಿ. ಪುಟ್ಟಿಗೆ ಭಾರಿ ಇಷ್ಟ. ಹೋಗಿ ನೀರು ತಗೊಂಡು ಬಾ ಅಂದ್ರೆ ಓಡಿ ಹೋಗಿ ತರ್ತಾಳೆ, ಕತ್ತಲಲ್ಲೇ. ನಿಮ್ಮಕ್ಕಂಗೆ ಅದು ಹುಚ್ಚಾಟ. ಮಗು ಎಡವಿ ಬಿದ್ರೆ ಅಂತಾಳೆ. ಒಂದು ದಿನವೂ ಎಡವಿಲ್ಲ ಅವಳು. ನಾನು ಕಿವಿ ಕೊಟ್ಟು... ಅಲ್ಲ, ನಾನು ಅಲ್ಲೇ ಇರ್ತೀನಲ್ಲ, ನೋಡ್ಕೊಳ್ಳೋಕೆ.

ಸೋಮವಾರ ಇದೇ ಸೈಕಲ್ಲಲ್ಲಿ ಶಾಲೆಗೆ ಬಿಡ್ತೀನಿ. ಹೌದು, ಇದರಲ್ಲೇ. ಕೈಗೆ ಪ್ಲಾಸ್ಟರ್ ಇದ್ರೇನು, ಹಿಂದೆ ಕೂರೋಕೆ ಕೈ ಯಾಕೆ ಬೇಕು? ಒಂದು ಕೈ ಇದೆಯಲ್ಲ, ನನ್ನ ಸೊಂಟ ಹಿಡ್ಕೋತಾಳೆ. ಒಂದು ಸಲ ಬಿದ್ದ ತಕ್ಷಣ ಬಿಟ್ಟುಬಿಟ್ರೆ ಮಕ್ಕಳಿಗೆ ಭಯ ಹಿಡಿಯುತ್ತೆ. ಅವಳಿಗೋಸ್ಕರ ಹೇಳ್ತಿದ್ದೀನಿ.

ಏನು, ನಾವು ಬಿದ್ದ ಜಾಗಕ್ಕೆ ಹೋಗಿ ನೋಡಿ ಬಂದ್ಯಾ? ಯಾವಾಗ? ಈಗ ಬರುವಾಗಲಾ?

ಇರಬಹುದು. ತಳ್ಳುಗಾಡಿ ಅಲ್ಲ, ನೀರಿನ ಟ್ಯಾಂಕರ್ ಇರಬಹುದು. ಬಿದ್ದ ಗಾಬರಿಯಲ್ಲಿ ಅದು ಇದು ಅಂತ ಯಾರು ನೋಡ್ತಾ ಕೂರ್ತಾರೆ? ದೊಡ್ಡದಾದ್ರೇನು, ಬಿಳೀ ಬಣ್ಣ ಆದ್ರೇನು. ಬೀದಿ ದೀಪ ಇದೆ, ಸರಿ. ಉರೀತಾ ಇತ್ತು ಅಂತ ನಿಂಗೆ ಯಾರು ಹೇಳಿದ್ದು? ಆ ಅಂಗಡಿಯವನಾ? ಅವನಿಗೇನು, ಹೇಳ್ತಾನೆ. ಆ ಟ್ಯಾಂಕರ್ ಒಂದು ತಿಂಗಳಿಂದ ಅಲ್ಲೇ ನಿಂತಿದೆಯಾ? ದಿನಾ ಅದರ ಪಕ್ಕದಲ್ಲೇ ಹೋಗ್ತಿದ್ನಾ ನಾನು?

ನೀನು ಪೊಲೀಸನ ಹಾಗೆ ಕೇಳಬೇಡ. ನಿನ್ನ ಹತ್ರ ಲೈಸೆನ್ಸ್ ತಗೊಳ್ಳೋಕೆ ಬಂದಿಲ್ಲ ನಾನು.

...ಪುಟ್ಟಿನ ಯಾಕೆ ಮಧ್ಯ ತರ್ತೀಯ? ಅವಳ ಹತ್ರ ಏನು ಮಾತಾಡಿದೆ ನೀನು? ಯಾವ ಆಟ? ಓ, ಅದಾ. ಅದು ಬರೀ ಆಟ ಮಾರಾಯ. ಅವಳು ಸಾರಥಿ, ನಾನು ಕುದುರೆ. ಹಿಂದೆ ಕೂತು ಹೇಳ್ತಾ ಬರ್ತಾಳೆ, ಕುದುರೆ ಎಡಕ್ಕೆ, ಕುದುರೆ ಬಲಕ್ಕೆ, ಕುದುರೆ ನಿಲ್ಲು, ಅಜ್ಜಿ ದಾಟ್ತಾ ಇದ್ದಾರೆ. ಮಕ್ಕಳನ್ನ ಹೀಗೆಲ್ಲ ಆಡಿಸಿದ್ರೆ ರಸ್ತೆ ಗೊತ್ತಾಗುತ್ತೆ. ಜವಾಬ್ದಾರಿ ಬರುತ್ತೆ.

ಏನಂದ್ಲು?

ಇನ್ನೊಂದು ಸಲ ಹೇಳು.

ಅವಳದ್ದೇ ತಪ್ಪು ಅಂದ್ಲಾ. "ನಾನು ಗಾಳಿಪಟ ನೋಡ್ತಾ ಕೂತಿದ್ದೆ ಮಾವ, ಅಪ್ಪಂಗೆ ಹೇಳೋದು ಮರ್ತುಬಿಟ್ಟೆ. ಅದಕ್ಕೇ ಬಿದ್ವಿ. ಅಮ್ಮಂಗೆ ಹೇಳಬೇಡ" ಅಂತ.

...ಒಂಬತ್ತು ವರ್ಷದ ಮಗು ಅದು. ಏನೋ ಹೇಳುತ್ತೆ. ಮಕ್ಕಳು ಎಲ್ಲದಕ್ಕೂ ತಾವೇ ಕಾರಣ ಅಂದ್ಕೋತಾರೆ. ಮಳೆ ಬಂದ್ರೂ ತಮ್ಮಿಂದಲೇ ಅಂತಾರೆ. ನಾನು ಸಮಾಧಾನ ಮಾಡ್ತೀನಿ. ಸೋಮವಾರ ದಾರಿಯಲ್ಲಿ ಹೇಳ್ತೀನಿ ಅವಳಿಗೆ. ಇದೊಂದು ಪ್ಯಾಚ್ ಹಾಕ್ಬಿಟ್ರೆ ಆಯ್ತು. ಟ್ಯೂಬು ಉಜ್ಜೋಕೆ ಆ ಉಪ್ಪುಕಾಗದ ಕೊಡು. ನಿನ್ನ ಕಾಲ ಹತ್ರ ಡಬ್ಬಿಯಲ್ಲಿದೆ ನೋಡು, ಅಂಟಿಸೋ ಸೊಲ್ಯೂಷನ್ ಜೊತೆ.

ರಿಮ್ಮು ಸ್ವಲ್ಪ ಬಾಗಿದೆ, ಅದೇನು ದೊಡ್ಡದಲ್ಲ. ಬಡಿದು ಸರಿ ಮಾಡಬಹುದು. ಹಾಗೆ ನೋಡಿದ್ರೆ ನಡ್ಕೊಂಡೇ ಹೋಗಬಹುದು ಶಾಲೆಗೆ, ಅವಳ ಕೈ ಹಿಡ್ಕೊಂಡು... ಕೊಡು ಉಪ್ಪುಕಾಗದ.

ಸಿಗಲಿಲ್ವಾ? ನೀಲಿ ಡಬ್ಬಿ.

ಯಾಕೆ ಮಾತು ನಿಲ್ಲಿಸ್ದೆ? ಕೋಪ ಬಂತಾ? ಪೊಲೀಸ್ ಅಂದಿದ್ದಕ್ಕಾ? ಬೇಜಾರಲ್ಲಿ ಅಂದೆ ಕಣೋ. ನಿನ್ನ ಮೇಲೆ ನನಗೇನಿದೆ. ನಿಮ್ಮಕ್ಕನ ಮದುವೇಲಿ ನನ್ನ ಚಪ್ಪಲಿ ಬಚ್ಚಿಟ್ಟ ಹುಡುಗ ನೀನು. ಕೊಡು ಈಗ. ಕೈಯೆಲ್ಲ ಒದ್ದೆ ಇದೆ, ಟ್ಯೂಬು ಬಿಡೋಕಾಗಲ್ಲ.

ಏನಾದ್ರೂ ಹೇಳೋ.

ಎದ್ದು ಹೋದ್ಯಾ? ಹೋಗೋನು ಒಂದು ಮಾತು ಹೇಳಿ ಹೋಗಬಾರದಾ? ಮೆಟ್ಟಿಲ ಮೇಲೆ ಇಲ್ಲ ನೀನು. ಒಳಗೆ ಹೋದ್ಯಾ? ಹೆಜ್ಜೆ ಸದ್ದು ಕೇಳ್ಲಿಲ್ಲ. ನನಗೆ ಕೇಳ್ತಿತ್ತು, ಹೋಗಿದ್ರೆ...

...

ಇದು ಯಾರ ಕೈ?

ಎಷ್ಟು ಹೊತ್ತಿಂದ ಹಿಡ್ಕೊಂಡು ನಿಂತಿದ್ದೀಯ, ಇಲ್ಲಿ, ನನ್ನ ಕಿವಿ ಪಕ್ಕದಲ್ಲೇ? ಕೇಳಿದಾಗಿಂದಲೂ? ಉಪ್ಪುಕಾಗದ ಕೈಯಲ್ಲೇ ಇದೆ. ಕೆನ್ನೆಗೆ ತಾಗ್ತಾ ಇದೆ.

ಸರಿ. ಕೂತ್ಕೋ. ಇಲ್ಲೇ, ಎದುರಿಗೆ. ಇನ್ನೂ ಸ್ವಲ್ಪ ಈ ಕಡೆ. ಹಾಂ, ಈಗ ಕಾಣ್ತೀಯ. ಮೂಗು, ಬಾಯಿ, ಅಷ್ಟೇ. ಕೊಳವೆಯಲ್ಲಿ ನೋಡಿದ ಹಾಗೆ. ಓದೋಕೆ ಆಗುತ್ತೆ, ಎದುರಿಗಿರೋರ ಮುಖ ಕಾಣುತ್ತೆ, ಅದಕ್ಕೇ ಇಷ್ಟು ದಿನ ಯಾರಿಗೂ ಗೊತ್ತಾಗ್ಲಿಲ್ಲ. ಪಕ್ಕದ್ದು ಕಾಣಲ್ಲ. ಹೊತ್ತು ಮುಳುಗಿದ ಮೇಲೆ ಎದುರಿಗಿರೋದೂ ಕಾಣಲ್ಲ. ಶುಕ್ರವಾರ ಆ ಟ್ಯಾಂಕರ್ ನನಗೆ ಇರಲೇ ಇಲ್ಲ. ಪುಟ್ಟಿ ಬಾಯಿ ಮುಚ್ಚಿದ್ಲು, ರಸ್ತೆ ಅಲ್ಲಿಗೆ ಮುಗೀತು.

ಡಾಕ್ಟರ್ ಹತ್ರ ಹೋಗಿದ್ದೆ. ಒಬ್ಬನೇ. ಔಷಧಿ ಇಲ್ಲ ಅಂದ್ರು. ಕಾರು ಮಾರಿದ್ದು ಅದಾದ ವಾರಕ್ಕೇ.

ಹೇಳಬಹುದಿತ್ತು ಅಂತ ನೋಡ್ತಿದ್ದೀಯ. ನಿಮ್ಮಕ್ಕಂಗೆ ಹೇಳೋಕೆ ಹೆದರಿದ್ದಲ್ಲ. ಅವಳು ಗಟ್ಟಿ. ನಮ್ಮಪ್ಪನೂ ಹೀಗೇ ಗೋಡೆ ಸವರ್ಕೊಂಡು ಓಡಾಡ್ತಿದ್ರು ಕಣೋ, ನಲವತ್ತರ ಮೇಲೆ. ಅವರ ಅಪ್ಪನೂ. ವಂಶದಲ್ಲಿ ಬರುತ್ತೆ ಅಂದ್ರು ಡಾಕ್ಟರ್, ಮಗಳಿದ್ರೆ ಕರ್ಕೊಂಡು ಬನ್ನಿ, ಅವಳ ಕಣ್ಣೂ ನೋಡೋಣ ಅಂದ್ರು. ನಾನು ಹೂಂ ಅಂದು ಬಂದುಬಿಟ್ಟೆ. ಮತ್ತೆ ಹೋಗಲೇ ಇಲ್ಲ. ನಿಮ್ಮಕ್ಕಂಗೆ ನನ್ನ ವಿಷಯ ಹೇಳಿದ್ರೆ, ಮಾರನೇ ದಿನವೇ ಅವಳು ಪುಟ್ಟಿನ ಕರ್ಕೊಂಡು ಆ ಡಾಕ್ಟರ್ ಮುಂದೆ ಕೂತಿರ್ತಾಳೆ. ಅವರು ಏನೋ ಒಂದು ಹೇಳ್ತಾರೆ. ಹೌದು ಅಂದುಬಿಟ್ರೆ?

ಅದಕ್ಕೇ ದೀಪ ಆರಿಸೋದು. ಕರೆಂಟ್ ಉಳಿಸೋಕಲ್ಲ. ನೀರು ತಗೊಂಡು ಬಾ ಅಂತ ಕಳಿಸಿ ಕಿವಿ ಕೊಟ್ಟು ಕೂರ್ತೀನಿ. ಗೋಡೆ ಸವರ್ತಾಳಾ, ಬಾಗಿಲಿಗೆ ಹಾಯ್ತಾಳಾ, ನಡೆ ನಿಧಾನ ಆಯ್ತಾ ಅಂತ. ದಿನಾ ಓಡಿ ಹೋಗಿ ಓಡಿ ಬರ್ತಾಳೆ. ದಿನಾ, ಇವತ್ತಿಗೆ ಗೆದ್ದೆ ಅಂದ್ಕೊಂಡು ದೀಪ ಹಾಕ್ತೀನಿ.

 

ಚಕ್ರ ಆ ಕಡೆ ಇಡು. ಬೇಡ, ಜೋಡಿಸಬೇಡ. ಹಾಗೇ ಇರಲಿ. ಅಕ್ಕಂಗೆ ಕಾರು ಓಡಿಸೋದು ನಾಳೆಯಿಂದಲೇ ಕಲಿಸು, ಹಳೇದೋ ಹೊಸದೋ ಒಂದು ನೋಡು. ಡಾಕ್ಟರ್ ಹತ್ರ ಅವಳೇ ಕರ್ಕೊಂಡು ಹೋಗಲಿ, ನನ್ನನ್ನೂ, ಪುಟ್ಟಿನೂ. ಅವಳನ್ನ ಕರಿ, ನಾನೇ ಹೇಳ್ತೀನಿ. ತಟ್ಟೆ ಕುಟ್ಟಿದ್ರೂ ಸರಿ, ಹೇಳ್ತೀನಿ.

ಇರು. ಅದಕ್ಕೂ ಮೊದಲು... ಬಾಗಿಲ ಹತ್ರ ನಿಂತಿರೋದು ಪುಟ್ಟಿ ಅಲ್ವಾ? ಆ ಹೆಜ್ಜೆ ನನಗೆ ಗೊತ್ತಾಗುತ್ತೆ. ಬಾ ಕಂದ. ಮಾವ ಬೈತಿಲ್ಲ, ಬಾ. ಆ ಕೈ ಹುಷಾರು. ಇಲ್ಲಿ, ನನ್ನ ಎದುರಿಗೆ ನಿಲ್ಲು.

ಶುಕ್ರವಾರ ಬಿದ್ದಿದ್ದು ನಿನ್ನಿಂದ ಅಲ್ಲ. ನೀನು ಗಾಳಿಪಟ ನೋಡಿ ಸರಿಯಾಗೇ ಮಾಡಿದೆ. ಅಪ್ಪಂಗೆ ಆ ಟ್ಯಾಂಕರ್ ಕಾಣ್ಲಿಲ್ಲ, ಅಷ್ಟೇ.