ನಲವತ್ತೊಂದನೆಯ ಗುರು

ದುಬೈಯ ಮಿರ್ದಿಫ್‌ನಲ್ಲಿ ಒಂದು ಗಾಫ್ ಮರ ಉಂಟು, ನಮ್ಮ ಬನ್ನಿ ಮರವೇ. ವಿಲ್ಲಾಗಳ ಸಾಲು ಮುಗಿದ ಮೇಲೆ ಒಂದು ಖಾಲಿ ಮರಳಿನ ಜಾಗ, ಅದರ ನಡುವೆ ಆ ಮರ. ಹಗಲಿನಲ್ಲಿ ನೋಡಿದರೆ ಎಂತದೂ ಇಲ್ಲ. ಡೆಲಿವರಿಯವರು ಅದರ ನೆರಳಿನಲ್ಲಿ ಬೈಕ್ ನಿಲ್ಲಿಸಿ ನೀರು ಕುಡಿಯುತ್ತಾರೆ. ನಮ್ಮ ಸೆಬಾಸ್ಟಿಯನ್ ಆ ರಾತ್ರಿ ಅದರ ಪಕ್ಕದಲ್ಲೇ ನಡೆದು ಬಂದದ್ದು... ಹತ್ತೂವರೆ ದಾಟಿತ್ತು. ಬಸ್ ತಪ್ಪುತ್ತದೆ ಅಂತ ಗಡಿಬಿಡಿಯಲ್ಲಿದ್ದ.

ಫಿಯೋನಾ, ಆ ಫೋನು ಕೆಳಗಿಡು. ಎಲ್ರಾಯ್, ನಗುವುದಾದರೆ ಒಳಗೆ ಹೋಗು. ನಿಮ್ಮ ಈ ಗರ್ಟ್ರೂಡ್ ಮಾವ್ಶಿ ಇಪ್ಪತ್ತೆರಡು ವರ್ಷ ದುಬೈಯ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದವಳು. ಸತ್ತವರನ್ನು ನೋಡಿ ನೋಡಿ ನನ್ನ ಹೆದರಿಕೆ ಯಾವತ್ತೋ ಹೋಗಿದೆ. ದೆವ್ವ ಕಂಡೆ ಅಂತ ಯಾರಾದರೂ ಬಂದರೆ, ಮೊದಲು ಬಿಪಿ ನೋಡಿಸಿಕೊಳ್ಳಿ ಅನ್ನುವವಳು ನಾನು. ಇದು ಹಾಗಲ್ಲ. ಇದು ನನ್ನ ದೊಡ್ಡಮ್ಮನ ಮಗ ಸೆಬಾಸ್ಟಿಯನ್ನಿಗೆ ಆದದ್ದು. ಅರ್ಧ ನನ್ನ ಎದುರೇ ಆದದ್ದು.

ಸೆಬಾಸ್ಟಿಯನ್ ಬರ್ ದುಬೈಯಲ್ಲಿ ಒಂದು ಫ್ರೇಮ್ ಅಂಗಡಿಯಲ್ಲಿದ್ದ. ಬಟ್ಟೆ ಅಂಗಡಿಗಳ ಹಿಂದಿನ ಗಲ್ಲಿ. ಮದುವೆ ಫೋಟೊ, ಮಕ್ಕಾದ ಚಿತ್ರ, ಹೋಟೆಲ್ ರೂಮಿಗೆ ಹಾಕುವ ಕುದುರೆಗಳು... ಹದಿನೇಳು ವರ್ಷ ಅದೇ ಕೆಲಸ. ಅಂಥ ಅಂಗಡಿಗಳಲ್ಲಿ ಒಂದು ರೂಢಿ ಉಂಟು. ಫ್ರೇಮಿಗಿಂತ ಕಾಗದ ಉದ್ದವಾದರೆ ಕಾಗದವನ್ನು ಕತ್ತರಿಸುವುದು. ಫ್ರೇಮ್ ಬದಲಿಸುವುದಿಲ್ಲ. ಮದುವೆ ಫೋಟೊದಲ್ಲಿ ಕೆಳಗಿನ ಕಾರ್ಪೆಟ್ ಹೋದರೆ ಯಾರು ಅಳುತ್ತಾರೆ? ಹಾಗಾಗಿ ಕೈ ತಾನಾಗಿ ಬ್ಲೇಡ್ ಎತ್ತುತ್ತದೆ.

ಅಲ್ಲಿಗೆ ಒಂದು ದಿನ ದ್ವಾರಕನಾಥ ಅಂತ ಒಬ್ಬರು ಬಂದರು. ಮೈಸೂರು ಕಡೆಯವರು, ಇಂಜಿನಿಯರ್ ಆಗಿದ್ದವರು. ಎಪ್ಪತ್ತೆಂಟು ವರ್ಷ. ಮಿರ್ದಿಫ್‌ನಲ್ಲಿ ಮಗಳು ಮಾನ್ಯಳ ಮನೆಯಲ್ಲಿದ್ದರು. ಅವರಿಗೆ ಒಂದು ಹುಚ್ಚು. ಹಳೇ ಕಾಲದ ಯಹೂದಿ ರಬ್ಬಿಗಳ, ಪಂಡಿತರ ಅಚ್ಚಿನ ಚಿತ್ರ ಕೂಡಿಸುವುದು. ರಬ್ಬಿ ಅಂದರೆ ಅವರಲ್ಲಿ ಧರ್ಮದ ಪಾಠ ಹೇಳುವ ಗುರು. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿದ ಚಿತ್ರಗಳು. ಇನ್ನೂರು ಮುನ್ನೂರು ವರ್ಷ ಹಳತು. ಉದ್ದ ಗಡ್ಡ, ತುಪ್ಪಳದ ಅಂಚಿನ ಟೋಪಿ, ಕೈಯಲ್ಲಿ ಬಿಚ್ಚಿದ ಪುಸ್ತಕ. ಚಿತ್ರದ ಕೆಳಗಿನ ಅಂಚಿನಲ್ಲಿ ಅವರ ಹೆಸರು, ಹೀಬ್ರೂ ಅಕ್ಷರದಲ್ಲಿ.

ಮೈಸೂರಿನ ಬ್ರಾಹ್ಮಣರಿಗೆ ಯಹೂದಿ ಗುರುಗಳು ಎಂತಕ್ಕೆ ಅಂತ ಸೆಬಾಸ್ಟಿಯನ್ನೂ ಕೇಳಿದನಂತೆ. ಅವರು ನಕ್ಕರು.

"ಮೂವತ್ತು ವರ್ಷದ ಹಿಂದೆ ಕೆಲಸದ ಮೇಲೆ ಲಂಡನ್‌ಗೆ ಹೋಗಿದ್ದೆ ಕಣ್ರೀ. ಫುಟ್‌ಪಾತಲ್ಲಿ ಒಂದು ಚಿತ್ರ ಬಿದ್ದಿತ್ತು. ಥೇಟ್ ನಮ್ಮ ಸಂಸ್ಕೃತದ ಮೇಷ್ಟ್ರು! ಹಾಗೇ ಪುಟದ ಮೇಲೆ ಬೆರಳಿಟ್ಕೊಂಡು ಕೂತಿದ್ರು. ಮಳೇಲಿ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ಯಾರ ಗುರು ಆದ್ರೇನು, ಗುರು ಅಂದಮೇಲೆ ಹೆಸರು ಹಿಡಿದು ನೆನೀಬೇಕು."

ಹೆಸರು ಓದಲಿಕ್ಕಾಗಿಯೇ ಅವರು ಹೀಬ್ರೂ ಅಕ್ಷರ ಕಲಿತಿದ್ದರು. ಹಾಗೆ ಒಂದೊಂದಾಗಿ ನಲವತ್ತು ಚಿತ್ರ ಆಗಿತ್ತು. ಮೊನ್ನೆ ಮೊನ್ನೆ ನಲವತ್ತೊಂದನೆಯದು ಬಂದಿತ್ತು.

ಈಗ ಕೇಳಿ. ಡಾಕ್ಟರು ಅವರಿಗೆ ಮರೆವಿನ ಕಾಯಿಲೆ ಅಂತ ಹೇಳಿದ್ದರು. ಇನ್ನೂ ಶುರು ಅಷ್ಟೆ. ಅದಕ್ಕೇ ಅವರು ದಿನಾ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಆ ಗುರುಗಳ ಹಾಜರಿ ತೆಗೆಯುತ್ತಿದ್ದರು. ಒಂದೊಂದು ಮುಖ ನೋಡುವುದು, ಹೆಸರು ಹೇಳುವುದು, ಕೆಳಗಿನ ಅಂಚು ಓದಿ ಸರಿಯಾ ಅಂತ ನೋಡುವುದು. ಸರಿ ಬಂದರೆ ಆ ದಿನ ತಲೆ ಸರಿ ಉಂಟು ಅಂತ ಲೆಕ್ಕ. ಅವರಿಗಿದ್ದ ಧೈರ್ಯ ಅದೊಂದೇ.

"ಎಲ್ಲಾ ಒಂದೇ ಅಳತೆ ಫ್ರೇಮ್ ಹಾಕ್ಕೊಡಿ," ಅಂದರು ಸೆಬಾಸ್ಟಿಯನ್ನಿಗೆ. "ಆದ್ರೆ ಕಾಗದಕ್ಕೆ ಬ್ಲೇಡ್ ತಾಗಬಾರದು. ನೆನಪಿರಲಿ."

ನಲವತ್ತು ಸರಿಯಾಗಿ ಕೂತವು. ನಲವತ್ತೊಂದನೆಯದು ಎರಡು ಬೆರಳು ಉದ್ದ. ಮರುದಿನ ಸಂಜೆ ಕೊಡಬೇಕಿತ್ತು. ಸೆಬಾಸ್ಟಿಯನ್ ಸ್ಟೀಲ್ ಸ್ಕೇಲ್ ಇಟ್ಟ... ಠಣ್. ಬ್ಲೇಡ್ ಎಳೆದ... ಸ್ರ್ರ್ರ್ರ್... ಕ್. ಓದಲಿಕ್ಕೆ ಬಾರದ ಅಕ್ಷರ, ಯಾರು ನೋಡುತ್ತಾರೆ ಅಂದುಕೊಂಡನಂತೆ. ಆ ಪಟ್ಟಿಯನ್ನು ಉಂಡೆ ಮಾಡಿ ಕಸದ ಡಬ್ಬಿಗೆ ಹಾಕಿದ. ನನ್ನ ತಮ್ಮನೇ ಆದರೂ ಹೇಳುತ್ತೇನೆ, ಆ ಕೈಗೆ ಆಗ ಲಕ್ವಾ ಹೊಡೆಯಬೇಕಿತ್ತು.

ಮರುದಿನ ಮಿರ್ದಿಫ್‌ಗೆ ಹೋಗಿ ಹಾಲ್‌ನ ಗೋಡೆಗೆ ನಲವತ್ತೊಂದನ್ನೂ ಹೊಡೆದು ಮುಗಿಸುವಾಗ ರಾತ್ರಿ ಹತ್ತು. ಅವನು ಏಣಿ ಮಡಚುತ್ತಿದ್ದಾಗಲೇ ದ್ವಾರಕನಾಥರು ಹಾಜರಿ ಶುರು ಮಾಡಿದರು. ಮೂವತ್ತೆಂಟು... ಮೂವತ್ತೊಂಬತ್ತು... ನಲವತ್ತು. ಆಮೇಲೆ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದರು.

"ಇವರ ಹೆಸರೆಲ್ಲಿ?"

ಸೆಬಾಸ್ಟಿಯನ್ ಏಣಿಯನ್ನು ಗೋಡೆಗೆ ಒರಗಿಸಿದ. ಅಂಗಡಿಯವನಿಗೆ ಗೊತ್ತಾದರೆ ಕೆಲಸ ಹೋಯಿತು. ಕೆಲಸ ಹೋದರೆ ವೀಸಾ ಖಲಾಸ್.

"ಇದಕ್ಕೆ ಮೊದ್ಲೇ ಹೆಸ್ರು ಇರ್ಲಿಲ್ಲ ಸಾರ್. ನೀವು ಕೊಡುವಾಗ್ಲೇ ಹೀಗೇ ಇತ್ತು."

"ಇತ್ತು ಕಣ್ರೀ. ನಾನು ಓದಿದ್ದೆ. ಒಂದು ಸಲ..."

"ಇಲ್ಲ ಸಾರ್. ನಿಮ್ಗೆ ಬೇರೆ ಯಾವುದೋ ನೆನಪು."

ಮುದುಕರು ಚಿತ್ರದ ಕೆಳಗಿನ ಅಂಚಿನಲ್ಲಿ ಗಾಜಿನ ಮೇಲೆ ಬೆರಳು ಓಡಿಸಿದರು. ಆಮೇಲೆ ಮಗಳ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಹಾಗಾದ್ರೆ ಶುರುವಾಯ್ತು ಕಣೇ ಮಾನ್ಯ. ಇಲ್ಲದ್ದು ಇತ್ತು ಅಂತ ಅನಿಸ್ತಿದೆ ನಂಗೆ."

ಸೆಬಾಸ್ಟಿಯನ್ ಏಣಿ, ಡ್ರಿಲ್ ಎಲ್ಲ ಅಲ್ಲೇ ಬಿಟ್ಟು ಹೊರಟ. ನಾಳೆ ಗಾಡಿಯಲ್ಲಿ ಬಂದು ಒಯ್ಯುತ್ತೇನೆ ಅಂದ.

ಆ ಮರ ಬಂತು. ತಲೆಯ ಮೇಲೆ ಒಂದು ವಿಮಾನ ಇಳಿಯುತ್ತಿತ್ತು. ಅದರ ಸದ್ದು ಹೋದ ಮೇಲೆ... ಹಿಂದೆ... ಠಣ್.

ನಿಂತ. ಏನೂ ಇಲ್ಲ. ಎರಡು ಹೆಜ್ಜೆ ಇಟ್ಟ.

ಸ್ರ್ರ್ರ್ರ್... ಕ್.

ಹದಿನೇಳು ವರ್ಷ ಕೇಳಿದ ಸದ್ದು. ತಪ್ಪಾಗಲಿಕ್ಕಿಲ್ಲ. ತಿರುಗಿ ನೋಡಿದರೆ ಮರದ ಕೆಳಗೆ ಒಬ್ಬರು ನಿಂತಿದ್ದಾರೆ. ಆ ಸೆಕೆಯಲ್ಲಿ ತುಪ್ಪಳದ ಟೋಪಿ. ಎಡಗೈಯಲ್ಲಿ ಬಿಚ್ಚಿದ ಪುಸ್ತಕ, ಪುಟದ ಮೇಲೆ ಬೆರಳು. ದೆವ್ವವಾ ಅಂತ ತಿಳಿಯಲಿಕ್ಕೆ ಮೊದಲು ಕಾಲು ನೋಡಬೇಕು ಅಂತ ನಮ್ಮೂರಲ್ಲಿ ಹೇಳುತ್ತಾರಲ್ಲ? ಸೆಬಾಸ್ಟಿಯನ್ ನೋಡಿದ. ಕಾಲು ಸರಿಯಾಗಿಯೇ ಇತ್ತು ಮಾರಾಯ್ರೇ. ಮುಂದಕ್ಕೇ ಇತ್ತು. ಬೂಟು ಹಾಕಿತ್ತು. ಅದಕ್ಕೇ ಅವನಿಗೆ ಓಡಬೇಕು ಅಂತ ಕೂಡ ತೋಚಲಿಲ್ಲ.

"ಮ್ಹಜೆಂ ನಾಂವ್ ಸಾಂಗ್," ಅಂದರು ಅವರು, ಪಿಸುಮಾತಿನಲ್ಲಿ. ನನ್ನ ಹೆಸರು ಹೇಳು ಅಂತ. ಕೊಂಕಣಿಯಲ್ಲಿ. ನಮ್ಮ ಬಜ್ಪೆ ಕಡೆಯ ಕೊಂಕಣಿಯಲ್ಲಿ.

"ಮ್ಹಾಕಾ ಕಳಿತ್ ನಾ..." ಗೊತ್ತಿಲ್ಲ ಅಂದ ಸೆಬಾಸ್ಟಿಯನ್.

ಅವರು ಬೈಯಲಿಲ್ಲ. ತಲೆಯಾಡಿಸಿ ಪುಟ ತಿರುಗಿಸಿದರು. ಸರಕ್... ಅಷ್ಟೆ. ಮತ್ತೆ ಅಲ್ಲಿ ಮರ ಮಾತ್ರ.

ಅವನು ಬಸ್ ಬಿಟ್ಟು ಟ್ಯಾಕ್ಸಿ ಹಿಡಿದು ಅಂಗಡಿಗೇ ಹೋದ. ಕಸದ ಡಬ್ಬಿ ಖಾಲಿ. ಗಲ್ಲಿಯ ದೊಡ್ಡ ತೊಟ್ಟಿಗೆ ಇಳಿದು ಬರಿಗೈಯಲ್ಲಿ ಕೆದಕಿದ. ಮುನಿಸಿಪಾಲಿಟಿ ಗಾಡಿ ಅದನ್ನು ಬೆಳಿಗ್ಗೆಯೇ ಎತ್ತಿಕೊಂಡು ಹೋಗಿತ್ತು. ಅಂಗಡಿಯ ನೆಲ ಗುಡಿಸಿದ, ಮೇಜಿನ ಅಡಿ ಟಾರ್ಚ್ ಬಿಟ್ಟ. ಮಾಫಿ, ಅರಬ್ಬಿಯವರು ಅನ್ನುವ ಹಾಗೆ. ಒಂದು ಚೂರೂ ಇಲ್ಲ.

ಆ ಮೇಲೆ ಆ ಟೋಪಿಯವರು ಮರದ ಕೆಳಗೇ ಉಳಿಯಲಿಲ್ಲ. ಬರ್ ದುಬೈಯಲ್ಲಿ ಅವನ ಕೋಣೆಯ ಮೆಟ್ಟಿಲಲ್ಲಿ ನಿಂತರು. ಮೆಟ್ರೊ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನಿಂತರು. ಅದೇ ಮಾತು, ಅದೇ ಮೆಲುದನಿ. ಅದೇ ಉತ್ತರ. ಪುಟ ತಿರುಗುವ ಅದೇ ಸದ್ದು. ಅವನು ಹತ್ತು ಕಿಲೊ ಇಳಿದ. ನಾನು ಶುಗರ್ ಟೆಸ್ಟ್ ಮಾಡಿಸಿದೆ. ಎಲ್ಲ ನಾರ್ಮಲ್. ಆಗಲೇ ಅವನು ನನಗೆ ಈ ಕತೆ ಬಾಯಿ ಬಿಟ್ಟದ್ದು.

"ಹೋಗಿ ಸತ್ಯ ಹೇಳಿ ಬಾ ಮಾರಾಯ," ಅಂದೆ. "ಕೆಲಸ ಹೋದರೆ ಹೋಗಲಿ. ಆ ಮುದುಕರು ತಲೆ ಕೆಟ್ಟಿತು ಅಂತ ದಿನಾ ಸಾಯ್ತಾ ಇದ್ದಾರೆ, ನಿನಗೆ ವೀಸಾದ ಚಿಂತೆಯಾ?"

ಹೋದ. ಅಷ್ಟರಲ್ಲಿ ಮೂರು ತಿಂಗಳು ಆಗಿತ್ತು.

ಬಾಗಿಲು ತೆಗೆದದ್ದು ಮಾನ್ಯ. ಅವನು ನಿಂತಲ್ಲೇ ಎಲ್ಲ ಹೇಳಿದ. ಆ ಹುಡುಗಿ ಕೂಗಾಡಲಿಲ್ಲ. "ಮೂರು ತಿಂಗಳಿಂದ ಅಪ್ಪ ನಿದ್ದೆ ಮಾಡಿಲ್ಲ, ಗೊತ್ತಾ? ಬೇರೆ ನಲವತ್ತು ಹೆಸರು ಹೇಳೋಕೂ ಹೆದರ್ತಾರೆ. ಮಾರಿದವರನ್ನ ಕೇಳಿದೆ, ಯಾರೋ ಸತ್ತವರ ಮನೆಯಿಂದ ಬಂದ ಚಿತ್ರಗಳ ಕಟ್ಟಂತೆ, ಹೆಸರಿನ ಪಟ್ಟಿ ಇಲ್ಲ. ಫೋನಲ್ಲಿ ಹುಡುಕಿದೆ. ಅಂಥದೇ ಗಡ್ಡ, ಅಂಥದೇ ಟೋಪಿ ನೂರು ಬಂತು. ಇವರು ಬರಲಿಲ್ಲ." ಆಮೇಲೆ ಬಾಗಿಲು ಪೂರಾ ತೆಗೆದು, "ಒಳಗೆ ಬನ್ನಿ. ನೀವೇ ಹೇಳಿ ಅವರಿಗೆ," ಅಂದಳು.

ದ್ವಾರಕನಾಥರು ಗೋಡೆಗೆ ಬೆನ್ನು ಹಾಕಿ ಕೂತಿದ್ದರು. ಸೆಬಾಸ್ಟಿಯನ್ ಅವರ ಕಾಲ ಹತ್ತಿರ ನೆಲದ ಮೇಲೆ ಕೂತ.

"ಸಾರ್, ಹೆಸ್ರು ಇತ್ತು. ನಾನೇ ಕತ್ತರಿಸಿದ್ದು. ನಿಮ್ಮ ತಲೆ ಸರಿ ಉಂಟು ಸಾರ್. ನಾನು ಸುಳ್ಳು ಹೇಳಿದ್ದು."

ಅವರು ಇವನ ಮುಖವನ್ನೇ ನೋಡಿದರು. ಆಮೇಲೆ ಕೈ ಚಾಚಿ ಇವನ ಭುಜ ತಟ್ಟಿದರು.

"ಮಾನ್ಯ ಹೇಳಿಕೊಟ್ಟು ಕರೆಸಿದಾಳಾ? ತುಂಬಾ ಒಳ್ಳೆಯವರು ನೀವು. ನಂಗೆ ಸಮಾಧಾನ ಆಗ್ಲಿ ಅಂತ, ಪಾಪ, ನಿಮ್ಮ ಮೇಲೇ ಹಾಕ್ಕೊಂಡು ಸುಳ್ಳು ಹೇಳ್ತಿದೀರಿ."

"ಅಲ್ಲ ಸಾರ್, ದೇವರಾಣೆ..."

"ಆಣೆ ಎಲ್ಲಾ ಯಾಕೆ? ಹೋಗಲಿ ಬಿಡಿ."

ಎಷ್ಟು ಹೇಳಿದರೂ ನಂಬಲಿಲ್ಲ. ಸುಳ್ಳನ್ನು ಒಂದೇ ಮಾತಿಗೆ ನಂಬಿದವರು ಸತ್ಯವನ್ನು ನಂಬಲಿಲ್ಲ. ಮಾನ್ಯ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ಅಳುತ್ತಿದ್ದಳಂತೆ. ಸೆಬಾಸ್ಟಿಯನ್ ಆ ವಾರವೇ ಅಂಗಡಿ ಬಿಟ್ಟ. ಈಗ ಒಂದು ಗೋಡೌನಿನಲ್ಲಿ ಪೆಟ್ಟಿಗೆ ಎತ್ತುತ್ತಾನೆ. ಇವತ್ತಿಗೂ ಕಾಗದ ಹರಿಯುವ ಸದ್ದು ಕೇಳಿದರೆ ಬೆವರುತ್ತಾನೆ.

ನನ್ನ ಪಾಲಿನದು ಇನ್ನು ಮೇಲೆ. ದನಿ ತಗ್ಗಿಸಿಯೇ ಹೇಳುತ್ತೇನೆ.

ಕಳೆದ ವರ್ಷ ನವೆಂಬರಿನಲ್ಲಿ ನನ್ನ ವಾರ್ಡಿಗೆ ಒಬ್ಬರು ರೋಗಿ ಬಂದರು. ನ್ಯುಮೋನಿಯಾ. ಫೈಲಿನಲ್ಲಿ ಹೆಸರು ನೋಡಿದೆ, ದ್ವಾರಕನಾಥ. ಪಕ್ಕದಲ್ಲಿ ಮಗಳು ಮಾನ್ಯ. ಸೆಬಾಸ್ಟಿಯನ್ನಿನ ಅಕ್ಕ ಅಂತ ನಾನು ಹೇಳಲಿಲ್ಲ. ಮುದುಕರಿಗೆ ಆಗ ಮಗಳ ಗುರುತೂ ಇರಲಿಲ್ಲ. ಅವಳನ್ನು ಅಮ್ಮ ಅಮ್ಮ ಅಂತ ಕರೆಯುತ್ತಿದ್ದರು.

ಮೂರನೆಯ ರಾತ್ರಿ ಅವಳನ್ನು ಮನೆಗೆ ಕಳಿಸಿದೆ. ಎರಡು ದಿನದಿಂದ ಮಲಗಿರಲಿಲ್ಲ ಪಾಪ. ರೂಮಿಗೆ ಔಷಧಿ ಹನಿಸುವ ಪಂಪ್ ತರಬೇಕಿತ್ತು, ಜಾಗ ಸಾಲದೆ ಸಂದರ್ಶಕರ ಕುರ್ಚಿಯನ್ನು ನಾನೇ ಎತ್ತಿ ಕಿಟಕಿ ಕೆಳಗೆ ಗೋಡೆಗೆ ಒತ್ತಿ ಇಟ್ಟೆ. ಮೂರು ಗಂಟೆಗೆ ಔಷಧಿ ಕೊಡಲಿಕ್ಕೆ ಹೋದೆ. ಟ್ರಾಲಿಯ ಕಡೆ ತಿರುಗಿ ಸಿರಿಂಜ್ ತುಂಬುತ್ತಿದ್ದೆ. ಬೆನ್ನ ಹಿಂದೆ ಅವರು ಶುರು ಮಾಡಿದರು.

ಹಾಜರಿ.

ಮಗಳನ್ನು ಮರೆತವರು, ತನ್ನ ಊರು ಮರೆತವರು... ಒಂದೊಂದೇ ಹೆಸರು, ತಡವರಿಸದೆ. ನಾನು ಬೆರಳು ಮಡಚಿ ಎಣಿಸಿದೆ. ನಲವತ್ತು. ನಿಂತರು. ಪಂಪಿನ ಸದ್ದು ಮಾತ್ರ, ಟಿಕ್... ಟಿಕ್...

ಆಗ ಇನ್ನೊಂದು ದನಿ. ಗಂಡಸಿನದು. ತುಂಬ ಹತ್ತಿರದಲ್ಲಿ, ತುಂಬ ಮೆಲ್ಲಗೆ. ಎರಡೋ ಮೂರೋ ಪದ, ಗಂಟಲಿನಿಂದ ಬರುವ ಅಕ್ಷರ. ಅದು ಹೆಸರು ಅಂತ ನನಗೆ ಗೊತ್ತಾಯಿತು. ಹೇಗೆ ಗೊತ್ತಾಯಿತು ಅಂತ ಕೇಳಬೇಡಿ. ನಾಲಿಗೆಯಲ್ಲಿ ಹಿಡಿಯಲಿಕ್ಕೆ ನೋಡಿದೆ, ನಿಲ್ಲಲಿಲ್ಲ. ತಿರುಗಲಿಕ್ಕೆ ಕುತ್ತಿಗೆ ಬರಲಿಲ್ಲ. ಹೆದರಿಕೆ ಹೋಗಿದೆ ಅಂದೆನಲ್ಲ, ಅದು ಜಂಬ.

ದ್ವಾರಕನಾಥರು ಕೇಳಿಸಿಕೊಂಡರು.

"ಇಲ್ಲ ಸ್ವಾಮಿ," ಅಂದರು. "ಆ ಚಿತ್ರಕ್ಕೆ ಹೆಸರೇ ಇರಲಿಲ್ಲ. ಅಂಗಡಿಯವರು ಹೇಳಿದಾರೆ."

ಆ ದನಿ ಮತ್ತೆ ಅದನ್ನೇ ಹೇಳಿತು. ಬಿಡಿಸಿ ಬಿಡಿಸಿ, ಮಗುವಿಗೆ ಪಾಠ ಹೇಳಿದ ಹಾಗೆ.

"ನಂಗೆ ಹಾಗೆ ಕೇಳಿಸ್ತಿದೆ, ಅಷ್ಟೇ. ನನ್ನ ತಲೆ ಸರಿ ಇಲ್ಲ... ಕ್ಷಮಿಸಿ."

ಮೂರನೆಯ ಸಲವೂ ಹೇಳಿತು. ಇವರು ಉತ್ತರ ಕೊಡಲಿಲ್ಲ. ನಾನು ತಿರುಗುವಾಗ ಮುದುಕರ ಕಣ್ಣು ತೆರೆದಿತ್ತು, ಉಸಿರು ಇರಲಿಲ್ಲ. ಡಾಕ್ಟರನ್ನು ಕರೆದೆ, ಎದೆ ಒತ್ತಿದೆವು, ಮಾಡುವುದೆಲ್ಲ ಮಾಡಿದೆವು. ಆಗಲಿಲ್ಲ.

ಮಾನ್ಯ ನಾಲ್ಕೂವರೆಗೆ ಓಡಿ ಬಂದಳು. ಅಪ್ಪನ ಕೈ ಹಿಡಿದುಕೊಂಡು ತುಂಬ ಹೊತ್ತು ನಿಂತಿದ್ದಳು. ಆಮೇಲೆ ಮಂಚದ ಆಚೆ ಬದಿ ನೋಡಿದಳು. ಕುರ್ಚಿ ಅಲ್ಲಿತ್ತು. ಮಂಚಕ್ಕೆ ತಾಗಿ, ಅವರ ತಲೆಯ ಕಡೆ ತಿರುಗಿ.

"ಕೊನೇಲಿ ಯಾರು ಕೂತಿದ್ರು ಸಿಸ್ಟರ್, ಅಪ್ಪನ ಹತ್ರ?"

"ನಾನೇ," ಅಂದೆ. ಮತ್ತೆಂತ ಹೇಳುವುದು?

ನಾನು ಕೂತಿರಲಿಲ್ಲ. ಆ ರಾತ್ರಿ ಒಂದು ನಿಮಿಷವೂ ನಾನು ಎಲ್ಲಿಯೂ ಕೂತಿಲ್ಲ. ನನ್ನ ಜೊತೆ ಪಾಳಿಯಲ್ಲಿದ್ದದ್ದು ಮೈಮೂನ. ಕುರ್ಚಿ ಗೋಡೆಗೆ ಒತ್ತಿ ಇಟ್ಟದ್ದನ್ನು ಅವಳೂ ನೋಡಿದ್ದಾಳೆ, ಆಮೇಲೆ ಬಂದವರು ಯಾರೂ ಅದನ್ನು ಮುಟ್ಟಲಿಲ್ಲ. ಬೇಕಾದರೆ ಈಗಲೇ ಫೋನ್ ಮಾಡಿ ಕೇಳಿ.