ಇಳಿಜಾರಿನಲ್ಲಿ ಕೇಳಿದ ಮಾತು

ಫ್ರಾನ್ಸಿನ ಗಾಸ್ಕನಿಯ ಪುಟ್ಟ ಊರೊಂದರ ಬ್ರೆಡ್ಡಿನಂಗಡಿಯ ಸಾಲಿನಲ್ಲಿ ಒದಿಲ್ ನಿಂತಿದ್ದಳು. ಅವಳ ಮುಂದೆ ಅರವತ್ತು ದಾಟಿದ ಒಬ್ಬ ಗಂಡಸು, ಒಬ್ಬ ಹೆಂಗಸು. ಅವರ ಜೋಡಿ ಸೀಟಿನ ಸೈಕಲ್ಲು ಹೊರಗಿನ ಗೋಡೆಗೆ ಒರಗಿತ್ತು.

"ನಿನ್ನೆಯಿಂದ ಯಾಕೆ ಮಾತೇ ಇಲ್ಲ, ಫಿರ್ಮ್ಯಾಂ? ಕಾಲು ನೋವಾ?" ಹೆಂಗಸು ಕೇಳಿದಳು.

"ಕಾಲು ಚೆನ್ನಾಗೇ ಇದೆ, ಆರ್ಮಾಂದ್. ನೀವು ಉತ್ತರ ಕೊಡ್ಲಿಲ್ವಲ್ಲ."

"ಯಾವುದಕ್ಕೆ?"

"ಸೂರ್ಯಕಾಂತಿ ಹೊಲದ ಇಳಿಜಾರಲ್ಲಿ ಕೇಳಿದ್ನಲ್ಲ."

"ಅಯ್ಯೋ, ಆ ಗಾಳೀಲಿ ಏನು ಕೇಳ್ಸುತ್ತೆ? ನಾನು ಹಿಂದಿನ ಸೀಟಲ್ಲಿ ಕಣ್ಣು ಮುಚ್ಕೊಂಡು ತೇಲ್ತಾ ಇದ್ದೆ. ಏನು ಕೇಳಿದ್ರಿ?"

"ಇಲ್ಲಿ ಹೇಗೆ ಹೇಳ್ಲಿ? ಜನ ಇದಾರೆ."

ಒದಿಲ್ ಗಾಜಿನ ಹಿಂದಿನ ಸಿಹಿತಿಂಡಿಗಳ ಕಡೆ ಕಣ್ಣು ಹೊರಳಿಸಿದಳು.

"ಮೆಲ್ಲಗೆ ಹೇಳಿ."

"ಸಮುದ್ರ ಮುಟ್ಟಿದ ಮೇಲೆ ಬೇರೆ ಬೇರೆ ರೈಲು ಹತ್ಲೇಬೇಕಾ ಅಂದೆ. ನಮ್ಮೂರಲ್ಲಿ ನಾನೊಬ್ಬನೇ, ನಿಮ್ಮೂರಲ್ಲಿ ನೀವೊಬ್ರೇ. ಒಂದೇ ಮನೇಲಿ ಇರಬಹುದಲ್ಲಾ ಅಂದೆ."

"ಇಂಥಾದ್ದನ್ನ ಇಳಿಜಾರಲ್ಲಾ ಕೇಳೋದು?"

"ಏರಲ್ಲಿ ನನಗೆ ಉಸಿರೆಲ್ಲಿರುತ್ತೆ?"

ಆರ್ಮಾಂದ್ ನಗುತ್ತಲೇ ಬ್ರೆಡ್ಡು ಕೊಂಡಳು. ಬಾಗಿಲಾಚೆ ಬೆಳಗಿನ ಮಂಜಿನಲ್ಲಿ ಗುಡ್ಡಗಳು ಒಂದರ ಹಿಂದೊಂದು ಮಲಗಿದ್ದವು. ಆಕೆ ಅವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಿಸಿ ಬ್ರೆಡ್ಡಿನ ತುದಿ ಮುರಿದು ಆತನ ಕೈಗಿಟ್ಟಳು.

"ತಗೋ, ತಿನ್ನು. ಇವತ್ತೂ ನೀನೇ ಮುಂದೆ ಕೂತ್ಕೋ."

ಫಿರ್ಮ್ಯಾಂ ಬ್ರೆಡ್ಡು ಹಿಡಿದು ಹಾಗೇ ನಿಂತುಬಿಟ್ಟ.

"'ನೀನು' ಅಂದ್ರಾ?"

"ಅಂದೆ. ಮನೆಯವರನ್ನ ಇನ್ನೇನು ಅಂತಾರೆ? ನಡಿ ಈಗ."

ಸೈಕಲ್ಲು ಏರು ಹತ್ತಿ ಮಂಜಿನಲ್ಲಿ ಕರಗಿತು. ಏನು ಬೇಕೆಂದು ಅಂಗಡಿಯವಳು ಎರಡು ಸಲ ಕೇಳಿದರೂ ಒದಿಲ್ ಬಾಗಿಲ ಕಡೆಗೇ ನೋಡುತ್ತಿದ್ದಳು.